ದೋಣಿಯ ಬೆನ್ನಿಗೆ ಇಂಜಿನ್

ಔಟ್‌ಬೋರ್ಡ್ ಇಂಜಿನ್ ಎಂದರೆ ದೋಣಿಯ ಹಿಂಬದಿಯ ಅಡ್ಡಗೋಡೆಗೆ ಹೊರಗಿನಿಂದ ಬಿಗಿಯುವ ಯಂತ್ರ. ಮೇಲೆ ಇಂಜಿನ್, ನಡುವೆ ನಿಲುವಾದ ಶಾಫ್ಟ್, ತಳದಲ್ಲಿ ಗೇರು ಮತ್ತು ಪ್ರೊಪೆಲ್ಲರ್. ಇಡೀ ಕಂಬವೇ ಎಡಕ್ಕೂ ಬಲಕ್ಕೂ ತಿರುಗುವುದರಿಂದ ಬೇರೆ ಚುಕ್ಕಾಣಿ ಬೇಕಾಗುವುದಿಲ್ಲ. ದೋಣಿಯ ತಳಕ್ಕೆ ತೂತು ಕೊರೆಯಬೇಕಿಲ್ಲ, ಒಳಗೆ ಇಂಜಿನ್ ಪೀಠ ಕಟ್ಟಬೇಕಿಲ್ಲ. ಮನೆಯಲ್ಲೇ ದೋಣಿ ಕಟ್ಟುವವರಿಗೆ ಇದಕ್ಕಿಂತ ಅನುಕೂಲದ ಯಂತ್ರ ಇನ್ನೊಂದಿಲ್ಲ. ಆದರೆ ಆ ಅನುಕೂಲದ ಪೂರ್ತಿ ಭಾರ ಬೀಳುವುದು ಹಿಂಬದಿಯ ಗೋಡೆಯ ಮೇಲೆ. ಟ್ರಾನ್ಸಮ್ ಎಂದು ಕರೆಯುವ ಈ ಗೋಡೆಯ ಎತ್ತರ, ದಪ್ಪ, ಓರೆಗಳನ್ನು ಇಂಜಿನ್ನಿನ ಅಳತೆಗೆ ಮೊದಲೇ ಹೊಂದಿಸಿಕೊಂಡರೆ ಮುಂದಿನ ಕೆಲಸವೆಲ್ಲ ಸಲೀಸು. ಗೋಡೆ ಎದ್ದುನಿಂತ ಮೇಲೆ ಇಂಜಿನ್ ಹುಡುಕಲು ಹೊರಟರೆ ಕೊಯ್ಯುವುದು, ತೇಪೆ ಹಾಕುವುದು ತಪ್ಪದು.

ಇಂಥ ಮೋಟಾರನ್ನು ಅಮೆರಿಕದಲ್ಲಿ ಕ್ಯಾಮರನ್ ವಾಟರ್‌ಮನ್ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಮಾರಿದ್ದ. ಅದು ಜನರ ಕೈಗೆ ನಿಜವಾಗಿ ಸಿಕ್ಕಿದ್ದು ನಾರ್ವೆಯಲ್ಲಿ ಹುಟ್ಟಿ ವಿಸ್ಕಾನ್ಸಿನ್‌ನ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಒಂದೂವರೆ ಎಚ್‌ಪಿಯ ಮೋಟಾರನ್ನು ಮಾರುಕಟ್ಟೆಗೆ ತಂದ ಮೇಲೆ. ಎರಡನೇ ಮಹಾಯುದ್ಧದ ಬಳಿಕ ನೀರಿಗೆ ಬಿಡದ ಅಂಟಿನ ಪ್ಲೈವುಡ್ ಸುಲಭವಾಗಿ ಸಿಗತೊಡಗಿತು. ಗ್ಲೆನ್ ವಿಟ್ 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಗ್ಲೆನ್-ಎಲ್ ಸಂಸ್ಥೆಯಂಥವು ದೋಣಿಯ ನಕ್ಷೆಗಳನ್ನು ಅಂಚೆಯಲ್ಲಿ ಕಳಿಸತೊಡಗಿದವು. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಬಿಡುವಿನ ದಿನಗಳಲ್ಲಿ ದೋಣಿ ಕಟ್ಟುವ ಹವ್ಯಾಸ ಅಮೆರಿಕದಲ್ಲಿ ಹಬ್ಬಿದ್ದು ಹೀಗೆ. ದಕ್ಷಿಣ ಭಾರತದಲ್ಲಿ ಇದೇ ತಂತ್ರ ಹೊಟ್ಟೆಪಾಡಿನ ದಾರಿಯಾಗಿ ಬಂತು. ಪ್ಲೈವುಡ್ ಹಲಗೆಗಳನ್ನು ತಂತಿಯಿಂದ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಮತ್ತು ರೆಸಿನ್ ಮೆತ್ತಿ ಕಟ್ಟುವ ಮೀನುಗಾರಿಕೆ ದೋಣಿಗಳನ್ನು ಬೆಲ್ಜಿಯಂನ ಪಿಯರ್ ಜಿಲೆ ಮತ್ತು ಸಂಗಡಿಗರು ಕನ್ಯಾಕುಮಾರಿ ಕಡೆಯ ತೀರದಲ್ಲಿ ರೂಢಿಗೆ ತಂದರು. ಆ ಪ್ರಯತ್ನದ ಕಷ್ಟಸುಖಗಳನ್ನು ಹೇಳುವ ಜಿಲೆಯವರ ಪುಸ್ತಕ 1985ರಲ್ಲಿ ಹೊರಬಂತು. ಕರ್ನಾಟಕದ ಕರಾವಳಿಯ ನಾಡದೋಣಿಗಳ ಹಿಂಬದಿಯಲ್ಲೂ ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಔಟ್‌ಬೋರ್ಡುಗಳು ದಶಕಗಳಿಂದ ದುಡಿಯುತ್ತಿವೆ. ಹವ್ಯಾಸಿಯ ದೋಣಿಗೂ ಬೆಸ್ತರ ದೋಣಿಗೂ ಇಂಜಿನ್ ಕೂರಿಸುವ ಮೂಲಸೂತ್ರ ಒಂದೇ.

ಮೊದಲು ತೀರ್ಮಾನವಾಗಬೇಕಾದ್ದು ಎಷ್ಟು ಎಚ್‌ಪಿ ಎಂಬುದು. ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದಲ್ಲಿ 20 ಅಡಿಗಿಂತ ಚಿಕ್ಕದಾದ ಔಟ್‌ಬೋರ್ಡ್ ದೋಣಿಗಳಿಗೆ ಇದರ ಲೆಕ್ಕ ಕೊಟ್ಟಿದೆ. ಕಾನೂನಿನ ಮಾತಿನಲ್ಲಿ ಅದು ದೋಣಿ ತಯಾರಿಸಿ ಮಾರುವವರಿಗೆ ಸೇರಿದ್ದು; ಮನೆಯಲ್ಲಿ ಕಟ್ಟುವವರಿಗೂ ಅದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಸಿಗುವುದು ಕಷ್ಟ. ದೋಣಿಯ ಉದ್ದವನ್ನು ಟ್ರಾನ್ಸಮ್ಮಿನ ಅಗಲದಿಂದ, ಎರಡನ್ನೂ ಅಡಿಯಲ್ಲಿ ಅಳೆದು, ಗುಣಿಸಬೇಕು. 14 ಅಡಿ ಉದ್ದದ, ಹಿಂಬದಿ 5 ಅಡಿ ಅಗಲದ ದೋಣಿಗೆ ಬರುವ ಗುಣಲಬ್ಧ 70. ದೋಣಿಗೆ ಚಕ್ರದ ಸ್ಟಿಯರಿಂಗ್ ಇದ್ದು, ಟ್ರಾನ್ಸಮ್ 20 ಇಂಚು ಎತ್ತರ ಇದ್ದರೆ ಈ ಸಂಖ್ಯೆಯನ್ನು ಎರಡರಿಂದ ಗುಣಿಸಿ 90 ಕಳೆಯಬೇಕು: 50 ಎಚ್‌ಪಿ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಲೆಕ್ಕ ಬೇರೆಯಾಗುತ್ತದೆ. ಆಗ ಗುಣಲಬ್ಧದ 0.8 ಪಾಲಿನಿಂದ 25 ಕಳೆದರೆ ಸಿಗುವುದು 31. ಐದರ ಮುಂದಿನ ಅಪವರ್ತ್ಯಕ್ಕೆ ಏರಿಸಿದರೂ 35 ದಾಟದು. ಬದಿ ಮತ್ತು ತಳ ಚೂಪಾದ ಮೂಲೆಯಲ್ಲಿ ಕೂಡುವ ಚಪ್ಪಟೆ ತಳದ ದೋಣಿಯಾದರೆ ಅರ್ಧಪಾಲಿನಿಂದ 15 ಕಳೆದು 20 ಎಚ್‌ಪಿಗೇ ನಿಲ್ಲಬೇಕು.

ಈ ಲೆಕ್ಕವನ್ನು ನಿಧಾನವಾಗಿ ನೋಡಿದಷ್ಟೂ ಪ್ರಯೋಜನವಿದೆ. ಒಂದೇ ಅಳತೆಯ ದೋಣಿ 20 ಎಚ್‌ಪಿಗೆ ತಕ್ಕದ್ದೋ 50ಕ್ಕೆ ತಕ್ಕದ್ದೋ ಎಂಬುದು ತಳದ ಆಕಾರ, ಹಿಂಗೋಡೆಯ ಎತ್ತರ ಮತ್ತು ಸ್ಟಿಯರಿಂಗಿನ ಬಗೆ ಈ ಮೂರನ್ನು ಅವಲಂಬಿಸಿದೆ. ಹಿಂದೆ ಕೂತು ಹಿಡಿಕೆ ಹಿಡಿದು ನಡೆಸುವವರ ಮೈತೂಕವೂ ಇಂಜಿನ್ನಿನ ತೂಕವೂ ಒಂದೇ ಮೂಲೆಗೆ ಸೇರುತ್ತವೆ, ಕೈ ಜಾರಿದರೆ ದೋಣಿ ತಟ್ಟನೆ ತಿರುಗಿಬಿಡುತ್ತದೆ. ತಗ್ಗಿದ ಟ್ರಾನ್ಸಮ್ಮಿನ ಮೇಲೆ ಹಿಂದಿನ ಅಲೆ ಸುಲಭವಾಗಿ ಒಳನುಗ್ಗುತ್ತದೆ. ಸೂತ್ರ ಕೊಡುವುದು ಗರಿಷ್ಠ ಮಿತಿಯನ್ನು ಮಾತ್ರ. 14 ಅಡಿಯ ಹಗುರ ಪ್ಲೈವುಡ್ ದೋಣಿಗೆ 20ರಿಂದ 25 ಎಚ್‌ಪಿ ಧಾರಾಳ ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಸಿಗುವ ವೇಗಕ್ಕಿಂತ ಹಿಂಬದಿಗೆ ಬೀಳುವ ತೂಕವೇ ಹೆಚ್ಚು ಕಾಡುತ್ತದೆ. ಭಾರತದ ನದಿ, ಹಿನ್ನೀರುಗಳಲ್ಲಿ ಓಡಿಸುವ ಯಂತ್ರಚಾಲಿತ ದೋಣಿಗೆ 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯೂ ಅನ್ವಯಿಸುವುದರಿಂದ, ಸರ್ವೆ ಮತ್ತು ನೋಂದಣಿಯ ವಿಷಯವನ್ನು ಇಂಜಿನ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಎಚ್‌ಪಿ ಗೊತ್ತಾದ ಮೇಲೆ ಶಾಫ್ಟಿನ ಉದ್ದ. ಔಟ್‌ಬೋರ್ಡುಗಳು ಮುಖ್ಯವಾಗಿ ಮೂರು ಅಳತೆಯಲ್ಲಿ ಬರುತ್ತವೆ: 15 ಇಂಚಿನ ಟ್ರಾನ್ಸಮ್ಮಿಗೆ ಶಾರ್ಟ್ ಶಾಫ್ಟ್, 20 ಇಂಚಿಗೆ ಲಾಂಗ್ ಶಾಫ್ಟ್, 25 ಇಂಚಿಗೆ ಇನ್ನೂ ಉದ್ದದ್ದು. ಅಳೆಯಬೇಕಾದ್ದು ಇಂಜಿನ್ ಕೂರುವ ಜಾಗದ ಮೇಲಂಚಿನಿಂದ ದೋಣಿಯ ತಳದವರೆಗೆ, ನಡುಗೆರೆಯ ಮೇಲೆ. ಪ್ರೊಪೆಲ್ಲರಿನ ಮೇಲುಗಡೆ ಅಡ್ಡಲಾಗಿ ಚಾಚಿದ ಚಪ್ಪಟೆ ಲೋಹದ ತಟ್ಟೆಯೊಂದಿದೆ. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಕ್ಯಾವಿಟೇಶನ್ ಪ್ಲೇಟ್. ಇಂಜಿನ್ ಕೂತಾಗ ಈ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಸುಮಾರು ಒಂದು ಇಂಚು ಮೇಲಕ್ಕೆ ಬರಬೇಕು. ಹೆಚ್ಚು ಮೇಲಿದ್ದರೆ ತಿರುವಿನಲ್ಲಿ ಪ್ರೊಪೆಲ್ಲರ್ ನೀರಿನ ಬದಲು ಗಾಳಿಯನ್ನು ಎಳೆದುಕೊಂಡು ಇಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಹೆಚ್ಚು ಕೆಳಗಿದ್ದರೆ ಕಂಬದ ದಪ್ಪ ಭಾಗ ನೀರಿನಲ್ಲಿ ಎಳೆದಾಡಿ ವೇಗ ತಿನ್ನುತ್ತದೆ, ಹಿಂದಿನಿಂದ ನೀರು ಚಿಮ್ಮಿ ಒಳಗೆ ಬೀಳುತ್ತದೆ. 15 ಇಂಚಿನ ಗೋಡೆಗೆ ಲಾಂಗ್ ಶಾಫ್ಟ್ ತಂದವರು ಮರದ ದಿಂಬು ಬಡಿದು ಏರಿಸುವುದುಂಟು. ಅದು ತಾತ್ಕಾಲಿಕ ಉಪಾಯವಷ್ಟೇ. ಸರಿಯಾದ ಕ್ರಮವೆಂದರೆ ಗೋಡೆಯನ್ನೇ ಎತ್ತರಿಸುವುದು. ಅದರಿಂದ ಅಲೆಗೂ ತಡೆ ಸಿಗುತ್ತದೆ.

ಗೋಡೆಯ ಓರೆಯೂ ಲೆಕ್ಕಕ್ಕೆ ಬರುತ್ತದೆ. ಬಹುಪಾಲು ಇಂಜಿನ್ನುಗಳ ಕ್ಲ್ಯಾಂಪನ್ನು ಸುಮಾರು 12 ಡಿಗ್ರಿ ಹಿಂದಕ್ಕೆ ವಾಲಿದ ಟ್ರಾನ್ಸಮ್ಮಿಗೆ ಹೊಂದುವಂತೆ ಮಾಡಿರುತ್ತಾರೆ. ಆ ಓರೆಯಿದ್ದರೆ ಇಂಜಿನ್ ಕಂಬವನ್ನು ಲಂಬದ ಆಚೆಗೂ ಈಚೆಗೂ ಸರಿಸಿ ಹದ ನೋಡಲು ಅವಕಾಶ ಉಳಿಯುತ್ತದೆ. ತೀರ ನೆಟ್ಟಗಿನ ಗೋಡೆಯಾದರೆ ತೆಳುವಾದ ಬೆಣೆ ಕೊಡಬೇಕಾಗುತ್ತದೆ.

ಇನ್ನು ಬಲದ ಮಾತು. ಪ್ರೊಪೆಲ್ಲರ್ ದೋಣಿಯನ್ನು ತಳ್ಳುವುದು ಕ್ಲ್ಯಾಂಪಿಗಿಂತ ಅರ್ಧ ಮೀಟರಿಗೂ ಹೆಚ್ಚು ಕೆಳಗಿನಿಂದ. ಹಾರೆಯಿಂದ ಕಲ್ಲು ಮೀಟುವಂತೆ ಈ ತಳ್ಳಾಟ ಕ್ಲ್ಯಾಂಪಿನ ಕೆಳಭಾಗವನ್ನು ಗೋಡೆಗೆ ಒತ್ತುತ್ತದೆ, ಮೇಲ್ಭಾಗವನ್ನು ಹಿಂದಕ್ಕೆ ಕೀಳಲು ನೋಡುತ್ತದೆ. ಅಲೆಯಿಂದ ಅಲೆಗೆ ದೋಣಿ ಕುಪ್ಪಳಿಸಿದಾಗ ಇಂಜಿನ್ನಿನ ತೂಕ ಇದಕ್ಕೆ ಸೇರಿಕೊಳ್ಳುತ್ತದೆ. ಹೀಗಾಗಿ ದಪ್ಪವೊಂದೇ ಸಾಲದು. ಗೋಡೆಗೆ ಬಂದ ಹೊರೆ ದೋಣಿಯ ತಳಕ್ಕೆ ಇಳಿದು ಹಂಚಿಹೋಗಬೇಕು. 25 ಎಚ್‌ಪಿಯ ಇಂಜಿನ್ನಿಗೆ 18 ಮಿಲಿಮೀಟರಿನ ಎರಡು ಮರೀನ್ ಪ್ಲೈವುಡ್ ಹಲಗೆಗಳನ್ನು ಎಪಾಕ್ಸಿಯಿಂದ ಅಂಟಿಸಿ 36 ಮಿಲಿಮೀಟರ್ ಮಾಡಿಕೊಳ್ಳುವುದು ರೂಢಿ. ಭಾರತದಲ್ಲಿ ಐಎಸ್ 710 ಗುರುತಿನ ಹಲಗೆ ಇದಕ್ಕೆ ಸಲ್ಲುತ್ತದೆ. ಒಳಗಡೆ ಗೋಡೆ ಮತ್ತು ತಳದ ಉದ್ದತೊಲೆಗಳ ನಡುವೆ ಮೊಣಕಾಲಿನ ಆಕಾರದ ಗಟ್ಟಿ ಆನಿಕೆಗಳನ್ನು ಕೂರಿಸಿ ಅಂಟಿಸಬೇಕು. ಗೋಡೆಯ ಮೇಲ್ಮೂಲೆಗಳನ್ನು ಪಕ್ಕದ ಹಲಗೆಗಳಿಗೆ ಬೆಸೆಯುವ ಕಟ್ಟುಗಳೂ ಬೇಕು. ಇವಿಲ್ಲದ ಟ್ರಾನ್ಸಮ್ ಎಷ್ಟೇ ದಪ್ಪವಿದ್ದರೂ ತಳದ ಸಂದಿಯಲ್ಲಿ ಬಿರುಕು ಬಿಡುತ್ತದೆ, ಆ ಬಿರುಕು ಕಣ್ಣಿಗೆ ಬೀಳುವಷ್ಟರಲ್ಲಿ ನೀರು ಮರದೊಳಗೆ ಇಳಿದಿರುತ್ತದೆ.

ಇಂಜಿನ್ನಿಗೆಂದು ಗೋಡೆಯ ನಡುವೆ ತಗ್ಗಿಸಿದ ಕಡೆ ದೋಣಿಯ ಅಂಚು ಎಲ್ಲಕ್ಕಿಂತ ಕೆಳಗೆ ಇರುತ್ತದೆ. ಆದ್ದರಿಂದ ಅದರ ಮುಂದೆ ಇನ್ನೊಂದು ಅಡ್ಡಹಲಗೆ ಕಟ್ಟಿ ತೊಟ್ಟಿಯಂಥ ಜಾಗ ಮಾಡುತ್ತಾರೆ. ಒಳಬಿದ್ದ ನೀರು ಕೊಳವೆಗಳ ಮೂಲಕ ತಾನೇ ಹೊರಗೆ ಹರಿಯುತ್ತದೆ. ಇಂಜಿನ್ನನ್ನು ಪೂರ್ತಿ ಮೇಲಕ್ಕೆ ಮಡಚಿದಾಗ ಅದರ ತಲೆ ಈ ತೊಟ್ಟಿಯೊಳಗೆ ಬಾಗುತ್ತದೆ, ಎಡಬಲ ತಿರುಗಿಸಿದಾಗ ಪಕ್ಕಕ್ಕೆ ಚಾಚುತ್ತದೆ. ತಯಾರಕರ ಕೈಪಿಡಿಯಲ್ಲಿರುವ ಅಳತೆಗಳನ್ನು ರಟ್ಟಿಗೆ ಕತ್ತರಿಸಿ ಅಲ್ಲಿಟ್ಟು ನೋಡಿದರೆ ತೊಟ್ಟಿ ಎಷ್ಟು ದೊಡ್ಡದಿರಬೇಕೆಂದು ತಿಳಿಯುತ್ತದೆ.

ಕೂರಿಸುವ ದಿನ ಮೊದಲ ಕೆಲಸ ನಡುಗೆರೆ ಹುಡುಕುವುದು. ಮನೆಯಲ್ಲಿ ಕಟ್ಟಿದ ದೋಣಿಯ ಎರಡು ಬದಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದಿರುವುದು ಅಪರೂಪ, ಹಾಗಾಗಿ ಮೇಲಂಚಿನ ಅಗಲವನ್ನು ಅರ್ಧ ಮಾಡಿ ಗುರುತು ಹಾಕಿದರೆ ಸಾಲದು. ಮುಂತುದಿಯಿಂದ ದಾರ ಎಳೆದು, ತಳದ ಏರಿಯ ಗೆರೆಯನ್ನು ಗೋಡೆಗೆ ಏರಿಸಿ, ಎರಡೂ ಹೊಂದುವಲ್ಲಿ ನಡುವನ್ನು ನಿಶ್ಚಯಿಸಬೇಕು. ಅರ್ಧ ಇಂಚು ಜರುಗಿದರೂ ದೋಣಿ ಸದಾ ಒಂದು ಕಡೆಗೆ ಎಳೆಯುತ್ತದೆ. ಸಣ್ಣ ಇಂಜಿನ್ನುಗಳು ಎರಡು ತಿರುಪಿನ ಕ್ಲ್ಯಾಂಪಿನಲ್ಲೇ ನಿಲ್ಲುತ್ತವೆ. ಆದರೆ ನಡುಗಾಟಕ್ಕೆ ತಿರುಪು ಸಡಿಲವಾಗುವುದು ಖಂಡಿತ. 10 ಎಚ್‌ಪಿ ದಾಟಿದ ಇಂಜಿನ್ನನ್ನು ಬೋಲ್ಟು ಹಾಕದೆ ನೀರಿಗಿಳಿಸುವುದು ಅದನ್ನು ನದಿಯ ತಳಕ್ಕೆ ಬಿಟ್ಟುಕೊಡಲು ಸಿದ್ಧರಾದಂತೆ. ದೊಡ್ಡ ಇಂಜಿನ್ನುಗಳಲ್ಲಿ ಬೋಲ್ಟಿನ ತೂತುಗಳ ಅಂತರ ಬಹುತೇಕ ಎಲ್ಲ ತಯಾರಕರಲ್ಲೂ ಒಂದೇ: ಮೇಲಿನ ಜೋಡಿಗೆ 327 ಮಿಲಿಮೀಟರ್, ಕೆಳಗಿನದಕ್ಕೆ 251. ಅವಕ್ಕೆ ಅರ್ಧ ಇಂಚಿನ ಸ್ಟೇನ್‌ಲೆಸ್ ಬೋಲ್ಟು ಬೇಕು. ಸಣ್ಣವುಗಳಲ್ಲಿ ಕ್ಲ್ಯಾಂಪಿನ ತೂತಿನ ಅಳತೆಯನ್ನೇ ನೋಡಿಕೊಳ್ಳಬೇಕು.

ಪ್ಲೈವುಡ್ ಟ್ರಾನ್ಸಮ್ಮಿನ ಆಯುಷ್ಯ ನಿಂತಿರುವುದು ಈ ತೂತುಗಳ ಮೇಲೆ. ಕೊರೆದ ತೂತಿನ ಒಳಗೋಡೆಯಲ್ಲಿ ಮರದ ಪದರಗಳು ತೆರೆದುಕೊಂಡಿರುತ್ತವೆ, ನೀರು ಒಳಸೇರಲು ಅಷ್ಟು ಸಾಕು. ಒಳ್ಳೆಯ ಕೆಲಸಗಾರರು ಬೋಲ್ಟಿಗಿಂತ ದೊಡ್ಡ ತೂತು ಕೊರೆದು, ಪುಡಿ ಬೆರೆಸಿದ ಎಪಾಕ್ಸಿಯಿಂದ ಅದನ್ನು ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಳತೆಯ ತೂತು ಮತ್ತೆ ಕೊರೆಯುತ್ತಾರೆ. ಆಗ ಬೋಲ್ಟಿನ ಸುತ್ತ ಮರದ ಬದಲು ಎಪಾಕ್ಸಿಯ ಕೊಳವೆ ಇರುತ್ತದೆ. ಬೋಲ್ಟಿನ ಮೈಗೆ ದೋಣಿಕೆಲಸದ ಪಾಲಿಯುರೆಥೇನ್ ಅಥವಾ ಪಾಲಿಸಲ್ಫೈಡ್ ಸೀಲಂಟ್ ಹಚ್ಚಿ ತೂರಿಸಬೇಕು. ಸ್ನಾನಗೃಹದ ಸಿಲಿಕಾನ್ ಇಲ್ಲಿಗೆ ತಕ್ಕದ್ದಲ್ಲ. ಒಳಗಡೆ ಅಗಲವಾದ ವಾಷರ್ ಅಥವಾ ಲೋಹದ ಪಟ್ಟಿ ಕೊಟ್ಟು, ತಾನೇ ಬಿಚ್ಚಿಕೊಳ್ಳದ ನೈಲಾನ್ ನಟ್ಟಿನಿಂದ ಬಿಗಿಯಬೇಕು. ವಾಷರ್ ಮರದೊಳಗೆ ಕುಸಿಯುವಷ್ಟು ಬಿಗಿದರೆ ಪದರಗಳು ಜಜ್ಜಿಹೋಗುತ್ತವೆ. ಇಂಜಿನ್ನಿನ ಅಲ್ಯೂಮಿನಿಯಂ ಮೈಗೆ ಉಪ್ಪುನೀರಿನ ಸವೆತ ತಟ್ಟದಂತೆ ತಾನು ಸವೆದು ಕಾಯುವ ಸತುವಿನ ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಯೊಂದನ್ನು ತಯಾರಕರೇ ಕೂರಿಸಿರುತ್ತಾರೆ. ದೋಣಿಗೆ ಬಣ್ಣ ಬಳಿಯುವ ಭರದಲ್ಲಿ ಅದಕ್ಕೂ ಬಳಿದರೆ ಆ ರಕ್ಷಣೆ ಹೋಯಿತು.

ಸ್ಟಿಯರಿಂಗಿನಲ್ಲಿ ಸರಳವಾದದ್ದು ಇಂಜಿನ್ನಿಗೇ ಅಂಟಿದ ಹಿಡಿಕೆ. ಅದನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಚಕ್ರ ಬೇಕೆಂದಾದರೆ ಇಂದು ಬಳಕೆಯಲ್ಲಿರುವುದು ತಳ್ಳುವ-ಎಳೆಯುವ ಒಂದೇ ಕೇಬಲ್ಲಿನ ವ್ಯವಸ್ಥೆ. 1950ರ ದಶಕದ ದೋಣಿಗಳಲ್ಲಿ ಪ್ಲಾಸ್ಟಿಕ್ ಹೊದಿಸಿದ ತಂತಿಹಗ್ಗ ರಾಟೆಗಳ ಮೇಲೆ ಎರಡೂ ಬದಿಯಲ್ಲಿ ಓಡಿ ಇಂಜಿನ್ನನ್ನು ಎಳೆಯುತ್ತಿತ್ತು, ಸಡಿಲ ಹೀರಲು ಸ್ಪ್ರಿಂಗ್ ಇರುತ್ತಿತ್ತು. ಒಂದು ರಾಟೆ ಕಿತ್ತರೂ ಓಡುವ ದೋಣಿಯ ಹಿಡಿತ ಪೂರ್ತಿ ತಪ್ಪುತ್ತಿತ್ತು. ಹಳೆಯ ನಕ್ಷೆಗಳಲ್ಲಿ ಅದು ಈಗಲೂ ಕಾಣುತ್ತದೆ, ಅದನ್ನು ಅನುಸರಿಸಬಾರದು.

ಕೇಬಲ್ಲಿನ ಉದ್ದ ಅಳೆಯುವುದು ಮೂರು ತುಂಡುಗಳಲ್ಲಿ: ಚಕ್ರದ ನಡುವಿನಿಂದ ದೋಣಿಯ ಬದಿಗೆ, ಬದಿಯುದ್ದಕ್ಕೂ ಟ್ರಾನ್ಸಮ್ಮಿಗೆ, ಅಲ್ಲಿಂದ ಇಂಜಿನ್ನಿನ ನಡುವಿಗೆ. ತಿರುವುಗಳಿಗೆ ಕಳೆಯುವ, ತುದಿಗೆ ಕೂಡುವ ಲೆಕ್ಕ ಆಯಾ ತಯಾರಕರ ಪಟ್ಟಿಯಲ್ಲಿರುತ್ತದೆ. ಕೊನೆಗೆ ಬಂದ ಸಂಖ್ಯೆಯನ್ನು ಮುಂದಿನ ಪೂರ್ಣ ಅಡಿಗೆ ಏರಿಸಿಕೊಳ್ಳಬೇಕು. ಕೇಬಲ್ಲಿನ ಸ್ಟೇನ್‌ಲೆಸ್ ಸರಳು ಇಂಜಿನ್ನಿನ ಅಡ್ಡಕೊಳವೆಯ ಮೂಲಕ ಹಾದು, ಆಚೆ ಬದಿಯಲ್ಲಿ ಸಣ್ಣ ಕೊಂಡಿಸರಳಿನಿಂದ ಇಂಜಿನ್ ತೋಳಿಗೆ ಸೇರುತ್ತದೆ. ಕೊಳವೆಗೂ ಸರಳಿಗೂ ಗ್ರೀಸ್ ಧಾರಾಳವಾಗಿರಬೇಕು, ಕೊಂಡಿಯ ನಟ್ಟು ತಾನೇ ಬಿಚ್ಚಿಕೊಳ್ಳದ ಬಗೆಯದ್ದೇ ಆಗಿರಬೇಕು. ಚಕ್ರವನ್ನು ಬಲಬದಿಯಲ್ಲಿ ಇಡುವ ರೂಢಿಗೆ ಕಾರಣವಿದೆ. ಸಾಮಾನ್ಯ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ಸುತ್ತುತ್ತದೆ, ಅದರ ಪ್ರತಿಬಲ ದೋಣಿಯ ಎಡಬದಿಯನ್ನು ಕೆಳಕ್ಕೆ ಒತ್ತುತ್ತದೆ. ಬಲದಲ್ಲಿ ಕೂತ ಚಾಲಕರ ತೂಕ ಅದನ್ನು ಸರಿದೂಗಿಸುತ್ತದೆ.

ಗೇರಿಗೆ ಒಂದು, ಥ್ರಾಟಲಿಗೆ ಒಂದು ಎಂದು ಇನ್ನೆರಡು ಕೇಬಲ್ಲುಗಳು ಚಾಲಕರ ಪಕ್ಕದ ಕಂಟ್ರೋಲ್ ಪೆಟ್ಟಿಗೆಯಿಂದ ಹಿಂದಕ್ಕೆ ಹೋಗುತ್ತವೆ. ಒಂದೇ ಸನ್ನೆಗೋಲು ಎರಡನ್ನೂ ನಡೆಸುತ್ತದೆ: ಮೊದಲು ಗೇರು ಬೀಳುತ್ತದೆ, ಆಮೇಲಷ್ಟೇ ಥ್ರಾಟಲ್ ತೆರೆಯುತ್ತದೆ. ಕೇಬಲ್ಲುಗಳನ್ನು ಸುಮಾರು 20 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು. ಇಂಜಿನ್ನನ್ನು ಎರಡೂ ಕೊನೆಗೆ ತಿರುಗಿಸಿ, ಪೂರ್ತಿ ಮಡಚಿ, ಎಲ್ಲಿಯೂ ಸೆಳೆತ ಬೀಳದಷ್ಟು ಸಡಿಲ ಬಿಡಬೇಕು. ಹೊಂದಿಸುವಾಗ ಗೇರಿನ ಕೇಬಲ್ಲೇ ಮೊದಲು. ಇಂಜಿನ್ ನಿಲ್ಲಿಸಿಯೇ, ಪ್ರೊಪೆಲ್ಲರನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಗೇರು ಬದಲಿಸಬೇಕು, ಇಲ್ಲದಿದ್ದರೆ ಹಲ್ಲುಗಳು ಕೂಡುವುದಿಲ್ಲ. ನ್ಯೂಟ್ರಲ್‌ನಲ್ಲಿ ಪ್ರೊಪೆಲ್ಲರ್ ಎರಡೂ ದಿಕ್ಕಿಗೆ ಸರಾಗ ಸುತ್ತಬೇಕು, ಫಾರ್ವರ್ಡ್ ಮತ್ತು ರಿವರ್ಸ್‌ನಲ್ಲಿ ಹಿಡಿದುಕೊಳ್ಳಬೇಕು. ಕೇಬಲ್ ತುದಿಯ ಹಿತ್ತಾಳೆಯ ಬ್ಯಾರೆಲ್ ತಿರುಗಿಸಿ ಇದನ್ನು ಸಾಧಿಸಿದ ಮೇಲೆ ಥ್ರಾಟಲ್: ಸನ್ನೆ ನ್ಯೂಟ್ರಲ್‌ಗೆ ಬಂದಾಗ ಇಂಜಿನ್ನಿನ ಥ್ರಾಟಲ್ ತೋಳು ತನ್ನ ನಿಲುಗಡೆಗೆ ಒತ್ತಿ ಕೂರಬೇಕು, ಪೂರ್ತಿ ಮುಂದೆ ತಳ್ಳಿದಾಗ ಇನ್ನೊಂದು ನಿಲುಗಡೆ ಮುಟ್ಟಬೇಕು.

ಇಲ್ಲಿ ಬಿಡಬಾರದ ಎರಡು ರಕ್ಷಣೆಗಳಿವೆ. ಗೇರಿನಲ್ಲಿರುವಾಗ ಇಂಜಿನ್ ಚಾಲೂ ಆಗದಂತೆ ತಡೆಯುವ ನ್ಯೂಟ್ರಲ್ ಸ್ವಿಚ್ಚು ಒಂದು. ಕಂಟ್ರೋಲ್ ಪೆಟ್ಟಿಗೆ ಮತ್ತು ಇಂಜಿನ್ ಬೇರೆ ಬೇರೆ ತಯಾರಿಕೆಯವಾದರೆ ಇದರ ಸಂಪರ್ಕ ತಪ್ಪಿಹೋಗುವ ಸಂಭವ ಹೆಚ್ಚು. ಇನ್ನೊಂದು, ಚಾಲಕರ ಮೈಗೆ ಸಿಕ್ಕಿಸಿದ ಸುರುಳಿದಾರ ಕಿತ್ತೊಡನೆ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚು. ಚಾಲಕರು ನೀರಿಗೆ ಬಿದ್ದರೆ ಖಾಲಿ ದೋಣಿ ಸುತ್ತು ಹಾಕುತ್ತ ಅವರ ಮೇಲೆಯೇ ಬರುತ್ತದೆ. 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಈ ದಾರದ ಬಳಕೆಯನ್ನು ಅಮೆರಿಕ 2021ರ ಏಪ್ರಿಲ್ 1ರಿಂದ ಕಡ್ಡಾಯ ಮಾಡಿತು. ಕಾನೂನು ಇರಲಿ ಬಿಡಲಿ, ಹಿಡಿಕೆಯಿಂದ ನಡೆಸುವ ಸಣ್ಣ ದೋಣಿಗಳಿಗೂ ಇದು ಅಷ್ಟೇ ಅಗತ್ಯ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಕೆಳಗಿಳಿದು ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಎತ್ತಿ ಒಯ್ಯುವ ಟ್ಯಾಂಕನ್ನು ಗಾಳಿಯಾಡುವ ಜಾಗದಲ್ಲಿ ಪಟ್ಟಿಯಿಂದ ಬಿಗಿದಿಡಬೇಕು. ತುಂಬಿಸುವಾಗ ದೋಣಿಯಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸಬೇಕು. ಕೊಳವೆಯ ನಡುವಿನ ರಬ್ಬರ್ ಬುಡ್ಡೆಯ ಮೇಲಿನ ಬಾಣ ಇಂಜಿನ್ನಿನ ಕಡೆಗಿರಬೇಕು, ಹಿಸುಕುವಾಗ ಬಾಣದ ಮೊನೆ ಮೇಲಕ್ಕಿದ್ದರೆ ಬುಡ್ಡೆ ಬೇಗ ತುಂಬುತ್ತದೆ. ನೀರು ಬೇರ್ಪಡಿಸುವ ಫಿಲ್ಟರ್ ಹಾಕುವುದು ಎಥನಾಲ್ ಬೆರೆತ ಪೆಟ್ರೋಲಿನ ಈ ದಿನಗಳಲ್ಲಿ ಅನಿವಾರ್ಯ. ಬ್ಯಾಟರಿಗೆ ಮುಚ್ಚಳದ ಪೆಟ್ಟಿಗೆ, ಅಲುಗಾಡದಂತೆ ಪಟ್ಟಿ, ಟರ್ಮಿನಲ್ಲುಗಳಿಗೆ ಹೊದಿಕೆ ಇರಬೇಕು. ತವರ ಲೇಪಿಸಿದ ತಾಮ್ರದ ತಂತಿಯನ್ನೇ ಬಳಸಬೇಕು. ಸ್ಟಾರ್ಟರಿನ ದಪ್ಪ ಕೇಬಲ್ ಬಿಟ್ಟು ಮಿಕ್ಕ ಸರ್ಕಿಟ್ಟುಗಳಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಕೊಡಬೇಕು.

ಇಂಜಿನ್, ಬ್ಯಾಟರಿ, ಟ್ಯಾಂಕ್, ಚಾಲಕ ಎಲ್ಲವೂ ಹಿಂದೆ ಸೇರಿದರೆ ದೋಣಿಯ ಮುಂತುದಿ ಆಕಾಶ ನೋಡುತ್ತದೆ. ಬ್ಯಾಟರಿಯನ್ನೋ ಟ್ಯಾಂಕನ್ನೋ ನಡುವಿಗೆ ಸರಿಸುವುದು ಇದಕ್ಕೆ ಸುಲಭ ಪರಿಹಾರ. ದೋಣಿಗೆ ನೀರು ತುಂಬಿದರೂ ಮುಳುಗದಿರಲು ತುಂಬುವ ಫೋಮನ್ನು ಹಂಚುವಾಗಲೂ ಇಂಜಿನ್ನಿನ ತೂಕ ನೆನಪಿರಬೇಕು. ಹಿಂಬದಿಯ ಎರಡು ಪಕ್ಕಗಳಲ್ಲಿ ಹೆಚ್ಚು ಫೋಮ್ ಇದ್ದರೆ ದೋಣಿ ಮಟ್ಟಸವಾಗಿ ತೇಲುತ್ತದೆ, ಹಿಡಿದುಕೊಳ್ಳಲು ಆಸರೆಯಾಗುತ್ತದೆ.

ಮೊದಲ ಬಾರಿ ಚಾಲೂ ಮಾಡುವುದು ನೀರಿನಲ್ಲೇ ಆಗಬೇಕು, ಇಲ್ಲವೇ ನೀರು ಸೇರುವ ಬಾಯಿಗೆ ಪೈಪು ಕೂರಿಸಿಕೊಳ್ಳಬೇಕು. ನೀರಿಲ್ಲದೆ ಓಡಿಸಿದರೆ ತಂಪು ನೀರು ಎತ್ತುವ ಪಂಪಿನ ರಬ್ಬರ್ ಚಕ್ರ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಇಂಜಿನ್ನಿನ ಪಕ್ಕದ ತೂತಿನಿಂದ ನೀರಿನ ಧಾರೆ ಚಿಮ್ಮುತ್ತಿದ್ದರೆ ಪಂಪು ಸರಿಯಿದೆ ಎಂದರ್ಥ. ಸ್ಟಿಯರಿಂಗ್ ಚಕ್ರ ಬಲಕ್ಕೆ ತಿರುಗಿಸಿದಾಗ ಪ್ರೊಪೆಲ್ಲರ್ ಬಲಕ್ಕೆ ಹೊರಳುವುದನ್ನು, ಗೇರು ಬೀಳುವುದನ್ನು, ದಾರ ಕಿತ್ತಾಗ ಇಂಜಿನ್ ನಿಲ್ಲುವುದನ್ನು ದಡದಲ್ಲಿ ಕಟ್ಟಿಹಾಕಿಯೇ ನೋಡಬೇಕು.

ಬಯಲು ನೀರಿನಲ್ಲಿ, ಎಂದಿನಷ್ಟು ಜನ ಮತ್ತು ಸಾಮಾನು ಹೇರಿ, ಥ್ರಾಟಲನ್ನು ಪೂರ್ತಿ ತೆರೆದಾಗ ಇಂಜಿನ್ನಿನ ಸುತ್ತು ತಯಾರಕರು ಹೇಳಿದ ಮಿತಿಯೊಳಗೆ, ಅನೇಕ ಇಂಜಿನ್ನುಗಳಲ್ಲಿ ನಿಮಿಷಕ್ಕೆ 5,000ದಿಂದ 6,000ದ ನಡುವೆ, ಬರಬೇಕು. ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕೆಂಬ ಅಳತೆಗೆ ಪಿಚ್ ಎನ್ನುತ್ತಾರೆ. ಗೇರಿನ ಅನುಪಾತ 2 ಇದ್ದು, ಇಂಜಿನ್ 5,500 ಸುತ್ತು ಹಾಕಿದರೆ ಪ್ರೊಪೆಲ್ಲರ್ 2,750 ಸುತ್ತುತ್ತದೆ. 11 ಇಂಚಿನ ಪಿಚ್ಚಿಗೆ ಅದು ಲೆಕ್ಕದಲ್ಲಿ ಗಂಟೆಗೆ 46 ಕಿಲೋಮೀಟರ್. ನೀರಿನಲ್ಲಿ ಶೇ 15ರಷ್ಟು ಜಾರಿಕೆ ಕಳೆದರೆ ಸುಮಾರು 39. ಸುತ್ತು ಮಿತಿ ಮುಟ್ಟದಿದ್ದರೆ ಪಿಚ್ ಕಡಿಮೆಯದ್ದು ಹಾಕಬೇಕು, ಮೀರಿದರೆ ಹೆಚ್ಚಿನದ್ದು. ಒಂದು ಇಂಚಿನ ಬದಲಾವಣೆಗೆ 150ರಿಂದ 200 ಸುತ್ತು ವ್ಯತ್ಯಾಸವಾಗುತ್ತದೆ. ಸುತ್ತು ಏರದೆ ತಿಣುಕುತ್ತ ಓಡುವ ಇಂಜಿನ್ ಹೊಗೆಯಾಡಿ ಬೇಗ ಸವೆಯುತ್ತದೆ, ಮಿತಿ ಮೀರಿ ಓಡುವುದು ಅದಕ್ಕಿಂತ ಬೇಗ.

ದೋಣಿಯ ಮುಂತುದಿ ಕುದುರೆಯೋಟದಲ್ಲಿ ಏಳುತ್ತ ಬೀಳುತ್ತಿದ್ದರೆ ಕಂಬದ ಓರೆಯ ಪಿನ್ನನ್ನು ಒಂದು ತೂತು ಒಳಕ್ಕೆ, ಮೂತಿ ನೀರಿಗೆ ಕುಕ್ಕುತ್ತಿದ್ದರೆ ಒಂದು ತೂತು ಹೊರಕ್ಕೆ ಸರಿಸಬೇಕು. ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಹಿಡಿದರೆ ಇಂಜಿನ್ನನ್ನು ಒಂದು ಬೋಲ್ಟುತೂತಿನಷ್ಟು ಇಳಿಸಬೇಕು. ಚಕ್ರ ಬಲಕ್ಕೆ ಎಳೆಯುತ್ತಿದ್ದರೆ ಕ್ಯಾವಿಟೇಶನ್ ಪ್ಲೇಟಿನ ಕೆಳಗಿರುವ ಪುಟ್ಟ ರೆಕ್ಕೆಯ ಹಿಂದಂಚನ್ನು ಬಲಕ್ಕೆ, ಎಡಕ್ಕೆ ಎಳೆಯುತ್ತಿದ್ದರೆ ಎಡಕ್ಕೆ ತುಸುವೇ ತಿರುಗಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಓಡಿಸಿ ನೋಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುತ್ತದೆ. ಮೊದಲ ಕೆಲವು ಗಂಟೆಗಳ ಓಟದಲ್ಲಿ ವಾಷರಿನಡಿಯ ಮರ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ದಡಕ್ಕೆ ಬಂದ ಮೇಲೆ ಟ್ರಾನ್ಸಮ್ಮಿನ ಎಲ್ಲ ಬೋಲ್ಟುಗಳನ್ನೂ ಸ್ಟಿಯರಿಂಗ್ ಕೊಂಡಿಯ ನಟ್ಟನ್ನೂ ಮತ್ತೊಮ್ಮೆ ಬಿಗಿಮಾಡಬೇಕು.